ಗುಂಡಿ ಡಬ್ಬಿಯೊಳಗಿನ ಮಾತ್ರೆಗಳು

ನಮ್ಮ ಮನೆಯವರು ದರ್ಜಿ. ನಲವತ್ತೈದು ವರ್ಷದಲ್ಲಿ ಒಬ್ಬರ ಅಳತೆಯನ್ನೂ ಬರೆದಿಟ್ಟವರಲ್ಲ. ಒಮ್ಮೆ ಟೇಪು ಹಿಡಿದರೆ ಎದೆ, ತೋಳು, ಸೊಂಟ ಎಲ್ಲ ಬಾಯಿಪಾಠ. "ಬರೆದಿಟ್ಕೊಳ್ಳೋದು ಹೊಸದಾಗಿ ಕಲಿಯೋರು" ಅನ್ನೋ ಜಂಬ ಬೇರೆ.

ಎರಡು ತಿಂಗಳ ಹಿಂದೆ ನಮ್ಮ ಬೀದಿಯ ಮೇಷ್ಟ್ರ ಅಂಗಿ ತೋಳು ಎರಡಿಂಚು ಗಿಡ್ಡ ಆಯ್ತು. ಮೇಷ್ಟ್ರು ನಕ್ಕು ಸುಮ್ಮನಾದರು. ಇವರು ಮಾತ್ರ ಆ ರಾತ್ರಿ ಊಟಕ್ಕೇ ಏಳಲಿಲ್ಲ.

ಮೊನ್ನೆ ಬಿಳಿ ಅಂಗಿಗೆ ಗುಂಡಿ ಹಚ್ಚುವಾಗ ಇವರ ಬೆರಳಿಗೆ ಸೂಜಿ ಚುಚ್ಚಿತು. ದರ್ಜಿಗೆ ಸೂಜಿ ಚುಚ್ಚೋದು ದೊಡ್ಡ ಸುದ್ದಿಯೇನಲ್ಲ. ಆದರೆ ಅರ್ಧ ಗಂಟೆ ಬಟ್ಟೆ ಒತ್ತಿ ಹಿಡಿದರೂ ರಕ್ತ ಜಿನುಗ್ತಾನೇ ಇತ್ತು. ಮೊಣಕೈ ಹತ್ತಿರ ನೀಲಿ ಕಲೆ ಬೇರೆ. ಪಕ್ಕದ ಮನೆ ನರ್ಸಮ್ಮನ್ನ ಕೂಗಿದೆ.

"ಏನೇನು ಮಾತ್ರೆ ತಗೋತಿದ್ದೀರಿ ಅಣ್ಣ?"

"ಹೃದಯಕ್ಕೆ ಡಾಕ್ಟ್ರು ಕೊಟ್ಟಿದ್ದು. ರಕ್ತ ತೆಳು ಮಾಡೋದು. ಅಷ್ಟೇ."

ಅಷ್ಟೇ ಅಂದವರ ಕಣ್ಣು ಕೋಟಿನ ಗುಂಡಿ ಡಬ್ಬಿ ಕಡೆ ಹೋಯ್ತು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ನಾನು ಡಬ್ಬಿ ತೆಗೆದೆ. ಗುಂಡಿಗಳ ಮಧ್ಯೆ ಎರಡು ಬಾಟಲಿ. ಒಂದು ಮೀನೆಣ್ಣೆ ಮಾತ್ರೆ, ಇನ್ನೊಂದು ಗಿಂಕೋ ಅನ್ನೋ ಮರದ ಎಲೆಯ ಸಾರ.

"ಅದು ಔಷಧಿ ಅಲ್ಲಮ್ಮ. ಎಲೆ, ಎಣ್ಣೆ. ನೆನಪಿಗೂ ಹೃದಯಕ್ಕೂ ಒಳ್ಳೇದು ಅಂತ ಬಾಟಲಿ ಮೇಲೇ ಇದೆ."

"ಬರೆದೋರು ಮಾರೋರೇ ಅಲ್ವಾ? ಬೆಳ್ಳಗಿರೋದೆಲ್ಲ ಹಾಲಲ್ಲ ಅಣ್ಣ. ರಕ್ತ ತೆಳು ಮಾಡೋ ಮಾತ್ರೆ ಜೊತೆ ಇವು ಸೇರಿದ್ರೆ ರಕ್ತ ನಿಲ್ಲೋದು ಕಷ್ಟ ಆಗಬಹುದು. ಬೆರಳಲ್ಲಾದ್ರೆ ಕಾಣುತ್ತೆ. ತಲೆಯೊಳಗೆ ಆದ್ರೆ?"

ಇವರು ಬೆರಳು ನೋಡ್ಕೊಂಡರು. "ಮತ್ತೆ ನೆನಪು?"

"ಇವು ಮರೆವು ತಡೀತವೆ ಅಂತ ಸಾಬೀತಾಗಿಲ್ಲ. ಬಿ.ಪಿ., ಸಕ್ಕರೆ ಹತೋಟಿಲಿಡಿ. ನಡೀರಿ, ಚೆನ್ನಾಗಿ ನಿದ್ದೆ ಮಾಡಿ, ತರಕಾರಿ, ಕಾಳು ತಿನ್ನಿ. ಹೃದಯಕ್ಕೆ ಒಳ್ಳೇದಾದದ್ದು ತಲೆಗೂ ಒಳ್ಳೇದು. ಯಾವುದಾದ್ರೂ ವಿಟಮಿನ್ ಕಮ್ಮಿ ಇದ್ರೆ ರಕ್ತ ಪರೀಕ್ಷೆ ಮಾಡಿ ಡಾಕ್ಟ್ರೇ ಬರ್ಕೊಡ್ತಾರೆ."

ನನಗೆ ಸಿಟ್ಟು ನೆತ್ತಿಗೇರಿತ್ತು. "ನನಗಾದ್ರೂ ಹೇಳಬಾರದಿತ್ತಾ?"

"ಇವತ್ತು ಮೇಷ್ಟ್ರ ತೋಳು ಮರೆತೆ. ನಾಳೆ ನಿನ್ನನ್ನೇ ಮರೆತುಬಿಟ್ರೆ ಅಂತ ಹೆದರಿಕೆ ಆಯ್ತು ಕಣೇ."

ನನ್ನ ಕಣ್ಣು ತುಂಬಿಬಂತು. ಡಬ್ಬಿ ಎತ್ಕೊಂಡು ಆಗಲೇ ಆಸ್ಪತ್ರೆಗೆ ಹೊರಟೆವು.

ಡಾಕ್ಟರು ಎರಡೂ ಬಾಟಲಿ ನಿಲ್ಲಿಸಿದರು. ಹೃದಯದ ಮಾತ್ರೆ ಮಾತ್ರ ಬಿಡಬೇಡಿ ಅಂದರು. ನೆನಪಿನ ಪರೀಕ್ಷೆಯನ್ನೂ ಮಾಡಿಸಿದರು. ಸದ್ಯಕ್ಕೆ ಹೆದರೋಂಥದ್ದೇನೂ ಇಲ್ಲ, ಬಿ.ಪಿ. ಮಾತ್ರ ಏರಿತ್ತು. ಅದಕ್ಕೂ ಮಾತ್ರೆ ಶುರುವಾಯ್ತು. ಈಗ ಬೆಳಿಗ್ಗೆ ಮೇಷ್ಟ್ರ ಜೊತೆ ನಡಿಗೆ. ಅಂಗಡೀಲಿ ಅಳತೆ ಪುಸ್ತಕ ಬಂದಿದೆ. ತೆಗೆದು ನೋಡಿದರೆ ಮೊದಲ ಪುಟದಲ್ಲಿ ನನ್ನ ಅಳತೆ.

ನಿಮ್ಮ ಮನೆಯ ಹಿರಿಯರ ಡಬ್ಬಿಯಲ್ಲಿ ಏನಿದೆ, ಇವತ್ತೇ ಕೇಳಿ. ಬೈಬೇಡಿ, ಅದರ ಹಿಂದೆ ಒಂದು ಹೆದರಿಕೆ ಇರುತ್ತೆ. ಪುಡಿ, ಎಣ್ಣೆ, ಟಾನಿಕ್ಕು, ಮಾತ್ರೆ ಎಲ್ಲ ಒಂದೇ ಚೀಲಕ್ಕೆ ಹಾಕಿ ಡಾಕ್ಟರಿಗೆ ತೋರಿಸಿ. ಅವರು ಕೊಟ್ಟದ್ದನ್ನ ನೀವಾಗಿ ಬಿಡಬೇಡಿ, ಕೊಡದೇ ಇದ್ದದ್ದನ್ನ ಕದ್ದು ನುಂಗಬೇಡಿ.