ತವರಿನ ಕರೆಯೋಲೆ

ಮೊಬೈಲು ಸದ್ದು ಮಾಡಿದಾಗ ಚನ್ನಬಸವ್ವ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈಯಲ್ಲೇ ತೆಗೆದು ನೋಡಿದಳು. ಗೊತ್ತಿಲ್ಲದ ನಂಬರಿನಿಂದ ಬಂದಿತ್ತು: 'ನಮ್ಮ ಮನೆಯ ಮದುವೆಗೆ ತಪ್ಪದೆ ಬನ್ನಿ.' ಕೆಳಗೊಂದು ಲಿಂಕು. ಹೆಸರಿಲ್ಲ, ಊರಿಲ್ಲ. ಬೇರೆ ಯಾರಾದರೂ ಆಗಿದ್ದರೆ ಯಾರದೋ ಏನೋ ಎಂದು ಬಿಟ್ಟುಬಿಡುತ್ತಿದ್ದರು. ಈಕೆಗೆ ಮಾತ್ರ ಎದೆ ಹಾರಿತು. ಇಂಡಿಯಲ್ಲಿರುವ ತಮ್ಮ ಸಿದ್ದಲಿಂಗಪ್ಪನ ಮಗಳ ಮದುವೆಯೇ ಇರಬೇಕು. ಅಂತೂ ತವರು ಕರೆದಿತ್ತು!

ಅವ್ವ ತೀರಿಕೊಂಡ ದಿನ ಆಕೆ ಪುಣೆಯಲ್ಲಿ ಹತ್ತಿದ ರೈಲು ನಡುದಾರಿಯ ದೌಂಡದಲ್ಲಿ ಕೆಟ್ಟು ನಿಂತಿತ್ತು. ಆಕೆ ಊರು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. "ನನ್ನ ಸಲುವಾಗಿ ಒಂದೀಟು ತಡೀಲಿಲ್ಲಲ್ಲೋ" ಎಂದು ತಮ್ಮನೆದುರು ಅಂಗಳದಲ್ಲೇ ನಿಂತು ಅತ್ತಳು. ನೀನಾಗಿ ಕರೆಯುವ ತನಕ ಹೊಸ್ತಿಲು ತುಳಿಯುವುದಿಲ್ಲ ಎಂದು ತಿರುಗಿ ಬಂದಳು. ತಮ್ಮನೂ ಅದೇ ಹೊಟ್ಟೆಯಲ್ಲಿ ಹುಟ್ಟಿದವನು, ಹಟದಲ್ಲಿ ಅಕ್ಕನಿಗಿಂತೇನೂ ಕಡಿಮೆಯಿರಲಿಲ್ಲ. ಕರೆಯಲಿಲ್ಲ. ನಾಗರ ಪಂಚಮಿ ಬಂತೆಂದರೆ ಪುಣೆಯ ಬಿಬವೇವಾಡಿಯ ಓಣಿಯ ಕನ್ನಡದ ಹೆಣ್ಣುಮಕ್ಕಳು ತವರಿಗೆ ಹೊರಡುತ್ತಿದ್ದರು, ಈಕೆ ಉಂಡಿ ಕಟ್ಟಿ ಮರಾಠಿ ನೆರೆಯವರಿಗೆ ಹಂಚುತ್ತಿದ್ದಳು.

ತವರಿನವರು ಹೆಣ್ಣುಮಗಳನ್ನು ಮದುವೆಗೆ ಮೊಬೈಲಿನಲ್ಲಿ ಕರೆಯುವುದುಂಟೇ? ಮನೆಗೆ ಬಂದು ಕುಂಕುಮ ಹಚ್ಚಿ, ಉಡಿಗೆ ಅಕ್ಕಿ ಹಾಕಿ ಕರೆಯಬೇಕು. ಇದು ಆಕೆಗೆ ಗೊತ್ತಿಲ್ಲದ್ದಲ್ಲ. ಆದರೆ ಎದುರಿಗೆ ಬರಲು ಅವನಿಗೆ ನಾಚಿಕೆಯಾಗಿದ್ದೀತು, ಅದಕ್ಕೇ ಬೇರೆ ಯಾರದೋ ನಂಬರಿನಿಂದ ಕಳಿಸಿದ್ದಾನು ಎಂದು ತಮ್ಮನ ಪರವಾಗಿ ತಾನೇ ವಕೀಲಿ ಮಾಡಿಕೊಂಡಳು.

ಲಿಂಕು ಒತ್ತಿದಳು. ಗಣಪತಿ, ಮಾವಿನೆಲೆ, ಸನಾದಿಯ ಸದ್ದು. ಬರುವವರು ಮೊಬೈಲು ನಂಬರು ಹಾಕಬೇಕೆಂದಿತ್ತು, ಹಾಕಿದಳು. ಮೊಬೈಲಿಗೆ ಬಂದ ಅಂಕಿಗಳನ್ನೂ ಕೇಳಿತು, ಅವನ್ನೂ ಹಾಕಿದಳು. ವಧುವಿನ ಹೆಸರು ಮಾತ್ರ ಎಷ್ಟು ಹೊತ್ತಾದರೂ ಬರಲಿಲ್ಲ.

ಸಂಜೆ ಹಾಲಿಗೆ ಹೋದರೆ ಅಂಗಡಿಯವನು ಹಲ್ಲು ಕಿರಿದ. "ಕಾಕೂ, ಸಂಜೂಚ ಲಗ್ನ ಕಧೀ?" ಸಂಜುನ ಮದುವೆ ಯಾವಾಗ ಎಂದು ಕೇಳುತ್ತಿದ್ದ.

ಸಂಜು ಆಕೆಯ ಮಗ, ಮಾರ್ಕೆಟ್ ಯಾರ್ಡಿನಲ್ಲಿ ಗುಮಾಸ್ತ. ಅವನಿಗಿನ್ನೂ ಹೆಣ್ಣು ನೋಡಿಯೇ ಇರಲಿಲ್ಲ. ಕೆಲಸದಿಂದ ಬಂದವನು ಮೊಬೈಲು ನೋಡಿ ತಲೆಗೆ ಕೈ ಹಚ್ಚಿಕೊಂಡ.

"ಅವ್ವಾ, ಇದು ಮೋಸದವರ ವೆಬ್‌ಸೈಟ್. ಹೆಸರಾದ ಲಗ್ನಪತ್ರಿಕೆ ಸೈಟಿನ ವೇಷ ಹಾಕ್ಯಾರ, ಮ್ಯಾಲಿನ ವಿಳಾಸನs ಬ್ಯಾರೆ ಅದ. ನಿನ್ನ ವಾಟ್ಸಾಪ್ ಅವರ ಕೈಗೆ ಹೋಗೇದ. ನಿನ್ನ ಹೆಸರಿನ್ಯಾಗ ಎಲ್ಲಾರಿಗೂ ಇದನ್ನs ಕಳಸ್ಯಾರ."

"ಹಂಗಾರ ನಿಮ್ಮ ಮಾಮಾ ಕರದಿಲ್ಲಾ?"

ಮಗ ಪರಿಚಯದವರಿಗೆ ಒಬ್ಬೊಬ್ಬರಿಗೇ ಫೋನ್ ಹಚ್ಚಿ ಎಚ್ಚರಿಸತೊಡಗಿದ. ಕೊನೆಗೆ ಉಳಿದದ್ದು ಸಿದ್ದಲಿಂಗಪ್ಪನ ನಂಬರು.

"ಅವಗ ನಾನs ಹೇಳತೀನಿ" ಎಂದು ಚನ್ನಬಸವ್ವ ಮೊಬೈಲು ಕಸಿದುಕೊಂಡಳು. ಆದರೆ ಹಚ್ಚಲಿಲ್ಲ. ಹೇಳದೇ ಬಿಟ್ಟರೆ ಅಕ್ಕ ಕರೆದಳೆಂದು ನಂಬಿ ಬಂದರೂ ಬಂದಾನು. ಹಾಗೆ ಬಿಟ್ಟರೆ ಅವನ ಗತಿಯೂ ತನ್ನದೇ ಆದೀತು. ಆಸೆ ಎಷ್ಟು ಕೆಟ್ಟದ್ದೆಂದರೆ, ಆಕೆ ಮೊಬೈಲು ಹಿಡಿದು ಹಾಗೇ ಕೂತಳು.

ಅಷ್ಟರಲ್ಲಿ ಅದೇ ಸದ್ದು ಮಾಡಿತು. ತಮ್ಮ.

"ಅಕ್ಕಾ, ಸಂಜುನ ಲಗ್ನ ಗೊತ್ತ ಮಾಡಿ ಸೋದರಮಾವಗ ಮೊಬೈಲ್‌ನ್ಯಾಗ ಹೇಳತೀಯಾ?" ದನಿಯಲ್ಲಿ ಸಿಟ್ಟಿತ್ತು, ಅದರ ಹಿಂದೆ ಸಂತೋಷವೂ ಇತ್ತು. "ಇರ್ಲಿ, ಕರದಿಯಲ್ಲಾ. ಅದೇನೋ ನಂಬರ್ ಬಂದದ, ಹಾಕು ಅನ್ನಾಕತ್ತದ. ಹಾಕಲೇನು?"

"ಬ್ಯಾಡ!" ಆಕೆ ಚೀರಿಯೇ ಬಿಟ್ಟಳು. "ಹಾಕಬ್ಯಾಡ ಸಿದ್ದೂ. ಅದು ಮೋಸದ್ದು. ಸಂಜುನ ಲಗ್ನ ಇಲ್ಲ, ಏನಿಲ್ಲ."

"ಹಂಗಾರ ನೀ ಕರದಿಲ್ಲ."

"ಕರದಿಲ್ಲ. ನೀ ಕರದೀ ಅಂತ ತಿಳದು ನಾನೂ ಅದನ್ನs ಒತ್ತೀನಿ" ಎಂದಳು. "ಈಗ ಕರೀತೀನಿ. ಲಗ್ನಿಲ್ಲದಿದ್ರೂ ಬಾರೋ."

ಆ ಕಡೆ ತಮ್ಮ ಮೂಗು ಸೇದಿಕೊಂಡ.

"ನಾ ಸೀರಿ ಅಂಗಡ್ಯಾಗ ಕುಂತೀನಿ ಅಕ್ಕಾ. ನಿನಗ ಆಯೇರಿ ಮಾಡಬೇಕಂತ ಸೀರಿ ಆರಸಾಕತ್ತಿದ್ದೆ. ಈಗ ಏನ್ ಮಾಡ್ಲಿ?"

ಚನ್ನಬಸವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹಸರಂದು ತಗೋ" ಎಂದಳು.

"ಆ ಹಸರಂದು ಕಟ್ರಿ, ನಮ್ಮಕ್ಕಗ ಬೇಕಾಗೇದ" ಎಂದು ತಮ್ಮ ಅಂಗಡಿಯವನಿಗೆ ಹೇಳಿದ್ದು ಆಕೆಗೆ ಇಲ್ಲಿಯವರೆಗೂ ಕೇಳಿಸಿತು.