ಚೀಟಿ ಇರುವ ಕೋಟು

"ಅದನ್ನ ಮುಟ್ಬೇಡ, ಅದಕ್ಕೆ ಚೀಟಿ ಇದೆ!" ಇಸ್ತ್ರಿಯಕ್ಕ ತನ್ನ ಮೇಜಿನ ಹಿಂದಿನಿಂದಲೇ ಕೂಗಿದಳು. ಗುಂಡಿ ಹೊಲಿಯುವ ಹುಡುಗಿ ಬೂದು ಬಣ್ಣದ ಉಣ್ಣೆ ಕೋಟನ್ನು ಕೈಯಲ್ಲಿ ಹಿಡಿದು ತುಂಟ ನಗೆ ನಗುತ್ತ ನಿಂತಿದ್ದಳು.

"ಚೀಟಿ ಇದೆ ಅಂತ ಗೊತ್ತಕ್ಕ. ವರ್ಷಾ ವರ್ಷಾ ಹೊಸದಾಗ್ತದೆ ಅಂತಾನೂ ಗೊತ್ತು."

ಇಸ್ತ್ರಿಯಕ್ಕನ ಮುಖ ಕೆಂಪಾಯಿತು. ಹಬೆಯ ಮುಂದೆ ನಿಂತವಳಾದ್ದರಿಂದ ಬೇರೆ ಯಾರಿಗೂ ಅದು ತಿಳಿಯಲಿಲ್ಲ.

ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಯಾರೂ ಕೇಳಿಕೊಂಡು ಬಾರದ ಬಟ್ಟೆಗಳು ಸಾಲಾಗಿ ತೂಗುತ್ತಿದ್ದವು. ಒಗೆಸಿದವರು ಯಾಕೆ ಮರೆತರೋ, ಊರು ಬಿಟ್ಟರೋ, ದಪ್ಪಗಾದರೋ ದೇವರೇ ಬಲ್ಲ. ಕಾಲರಿನೊಳಗೆ ಪಿನ್ ಮಾಡಿದ ಚೀಟಿಯ ತಾರೀಖಿಗೆ ವರ್ಷ ತುಂಬಿದರೆ ಆ ಬಟ್ಟೆಗೆ ವಾರಸುದಾರರಿಲ್ಲ ಎಂದು ಲೆಕ್ಕ. ಆ ವಾರ ಅವೆಲ್ಲಕ್ಕೂ ಯೋಗ ಕೂಡಿಬಂದಿತ್ತು. ಮಳೆ ಕೈಕೊಟ್ಟ ದೂರದ ಹಳ್ಳಿಗಳಲ್ಲಿ ಜನ ಹೊಂಡದ ತಳದ ಕೆಸರು ನೀರನ್ನೇ ಸೋಸಿ ಕುಡಿದು ವಾಂತಿಭೇದಿಯಿಂದ ಮಲಗುತ್ತಿದ್ದರು. ಸುದ್ದಿ ಕೇಳಿದ ಯಜಮಾನರು ಎಲ್ಲರನ್ನೂ ಕರೆದಿದ್ದರು.

"ದಿನಾ ಇಷ್ಟು ನೀರು ಮೋರಿಗೆ ಬಿಟ್ಟು ಹೊಟ್ಟೆ ಹೊರೆಯೋರು ನಾವು. ಸುಮ್ನೆ ಕೂತ್ರೆ ಹೇಗೆ? ಒಬ್ಬೊಬ್ಬರದು ಒಂದು ದಿನದ ಕೂಲಿ. ಅದರ ಎರಡರಷ್ಟು ನಂದು. ಶನಿವಾರ ಅಂಗಳದಲ್ಲಿ ಹಳೇ ಬಟ್ಟೆ ಮಾರೋಣ, ಬಂದ ಹಣವೆಲ್ಲ ಅಲ್ಲಿನ ನೀರಿಗೆ."

ಯಾರೂ ಗೊಣಗಲಿಲ್ಲ. ಒಗೆಯುವವರಂತೂ ಅಂದಿನಿಂದ ನಲ್ಲಿ ತೆರೆದಿಟ್ಟು ಹರಟುವುದನ್ನೇ ಬಿಟ್ಟರು. ಇಸ್ತ್ರಿಯಕ್ಕನೂ ಕೂಲಿ ಕೊಟ್ಟಳು. ಕೋಟು ಮಾತ್ರ ಕೊಡಲಾರಳು.

ಆ ಕೋಟಿನವರು ಅದೇ ಹಳ್ಳಿಗಳ ಕಡೆಗೆ ಆರೋಗ್ಯ ಶಿಬಿರದ ಕೆಲಸಕ್ಕೆಂದು ಹೋದವರು. ಹೋಗುವ ಮುಂಚೆ ಕೆಲವು ತಿಂಗಳು ಅಂಗಿಗಳನ್ನು ಇಲ್ಲಿಗೇ ತರುತ್ತಿದ್ದರು. ಎತ್ತರದ ಆಳು, ಕೌಂಟರಿನ ಕಟ್ಟೆಗೆ ಮೊಣಕೈ ಊರಿ ಅವಳ ಕೆಲಸ ನೋಡುತ್ತ ನಿಲ್ಲುತ್ತಿದ್ದರು. ಕೊನೆಯ ದಿನ, "ಇದು ನಿಮ್ಮ ಹತ್ರಾನೇ ಇರ್ಲಿ, ಬಂದು ತಗೊಳ್ತೀನಿ. ನಿಮ್ಮ ಹಾಗೆ ಕಾಲರ್ ಕೂರಿಸೋರು ಯಾರಿದ್ದಾರೆ?" ಎಂದಿದ್ದರು. ಆಡಿದ್ದು ಅಷ್ಟೇ. ಅಷ್ಟರ ಮೇಲೆ ಮನೆ ಕಟ್ಟಬಾರದೆಂದು ಅವಳಿಗೂ ಗೊತ್ತಿತ್ತು, ಆದರೆ ಕಟ್ಟಿಯಾಗಿತ್ತು. ಅತ್ತಿಗೆ ಗಂಡು ನೋಡಿದಾಗಲೆಲ್ಲ "ನೋಡೋಣ" ಎನ್ನುತ್ತಿದ್ದಳು. ಅಣ್ಣ ಈಗೀಗ ಕೇಳುವುದನ್ನೇ ಬಿಟ್ಟಿದ್ದ. ವರ್ಷ ತುಂಬುವ ಹೊತ್ತಿಗೆ ಕೋಟನ್ನು ಮತ್ತೆ ಒಗೆಸಿ, ಇಸ್ತ್ರಿ ಹಾಕಿ, ಒಗೆತದ ಹಣ ತಾನೇ ಕಟ್ಟಿ ಹೊಸ ಚೀಟಿ ಚುಚ್ಚುತ್ತಿದ್ದಳು. ಹೀಗಾಗಿ ಮೈಗೆ ತಾಗದ ಆ ಕೋಟು ಒಗೆದು ಒಗೆದೇ ಸವೆಯುತ್ತಿತ್ತು.

ಶನಿವಾರ ಅಂಗಳ ಗಿಜಿಗುಡುತ್ತಿತ್ತು. ಶಿಬಿರದ ಕಡೆಯಿಂದ ಹಣ ಒಯ್ಯಲು ಒಬ್ಬ ನರ್ಸ್ ಬಂದಿದ್ದಳು. ಬಿಸಿಲಿಗೆ ಕಪ್ಪಿಟ್ಟ ಮುಖ, ಗಟ್ಟಿ ದನಿ. ಇಸ್ತ್ರಿಯಕ್ಕ ತಾನೇ ಚಹಾ ಒಯ್ದು ಕೊಟ್ಟು, ಲೋಟ ಹಿಂದಕ್ಕೆ ಬರುವವರೆಗೂ ನಿಂತು, ಕೊನೆಗೆ ಕೇಳಿಯೇಬಿಟ್ಟಳು.

"ಅಲ್ಲಿ ಒಬ್ರು ಇದ್ರಲ್ಲ... ಎತ್ತರಕ್ಕೆ, ನಗುವಾಗ ಒಂದು ಕಣ್ಣು ಸಣ್ಣ ಮಾಡ್ತಾರೆ..."

"ನಮ್ಮ ನೀರು ಮೇಷ್ಟ್ರಾ?" ನರ್ಸಿನ ಮುಖ ಅರಳಿತು. "ಇದ್ದಾರಲ್ಲ! ಮನೆಮನೆಗೆ ಹೋಗಿ ನೀರು ಕುದಿಸಿ, ಕುದಿಸಿ ಅಂತ ಪ್ರಾಣ ತಿಂತಾರೆ. ಅವರು ಬರೋದು ಕಂಡ್ರೆ ಮಕ್ಕಳು ದೂರದಿಂದಾನೇ 'ಕುದಿಸಿದ್ದೀವಿ!' ಅಂತ ಕೂಗ್ತಾವೆ. ಅವರ ಮಗಳೂ ಸೇರಿ. ಈಗಷ್ಟೇ ಮಾತು ಕಲ್ತಿದ್ದಾಳೆ, ಮೊದಲ ಮಾತೇ ಅದು!"

"ಮಗಳಾ?"

"ಹೂಂ. ಆ ಊರಿನ ಹುಡುಗೀನೇ ಮದುವೆ ಆದ್ರು. ಇನ್ನು ಅವರನ್ನ ಅಲ್ಲಿಂದ ಎಬ್ಬಿಸೋರು ಯಾರು? ಯಾಕೆ, ನಿಮಗೆ ಪರಿಚಯಾನಾ?"

"ಒಂದು ಕೋಟು ಬಿಟ್ಟು ಹೋಗಿದ್ರು."

"ಕೋಟಾ?" ನರ್ಸ್ ನಕ್ಕಳು. "ಆ ಬಿಸಿಲಲ್ಲಿ ಅಂಗಿ ಹಾಕ್ಕೊಳ್ಳೋದೇ ಕಷ್ಟ. ಮರ್ತೇ ಬಿಟ್ಟಿರ್ತಾರೆ. ಕೊಡಿ ಬೇಕಾದ್ರೆ, ಮುಟ್ಟಿಸ್ತೀನಿ."

ಕೊಟ್ಟರೆ ಯಾರು ಕಳಿಸಿದರು ಎಂದು ಕೇಳುತ್ತಾರೆ. ನರ್ಸ್ ಹೇಳುತ್ತಾಳೆ. ನೆನಪಾದರೆ ಒಂದು ಕಣ್ಣು ಸಣ್ಣ ಮಾಡಿ ನಗುತ್ತಾರೆ, ನೆನಪಾಗದಿದ್ದರೆ? ಇಸ್ತ್ರಿಯಕ್ಕ ಖಾಲಿ ಲೋಟವನ್ನು ಕೈಯಲ್ಲಿ ತಿರುಗಿಸಿದಳು.

"ಬೇಡ ಬಿಡಿ. ಮಾರಿದ್ರೆ ಯಾರಿಗಾದ್ರೂ ನೀರಾದ್ರೂ ಸಿಗ್ತದೆ," ಎಂದಳು.

ಒಳಗೆ ಹೋಗಿ ಕೋಟನ್ನು ಮೇಜಿನ ಮೇಲೆ ಹಾಸಿದಳು. ಸುಕ್ಕೇನೂ ಇರಲಿಲ್ಲ. ಆದರೂ ತೋಳು, ಬೆನ್ನು, ಕೊನೆಗೆ ಕಾಲರ್, ಹಬೆ ಬಿಟ್ಟು ನಿಧಾನವಾಗಿ ಒತ್ತಿದಳು. ಅಳು ಬಂತು. ಅತ್ತಳು. ಆಮೇಲೆ ಪಿನ್ ಕಿತ್ತು ಚೀಟಿಯನ್ನು ಕಸದ ಬುಟ್ಟಿಗೆ ಹಾಕಿ, ಕೋಟನ್ನು ಅಂಗಳಕ್ಕೆ ಒಯ್ದು ಗುಂಡಿ ಹುಡುಗಿಯ ಕೈಗೆ ಕೊಟ್ಟಳು. ಹುಡುಗಿ ಬಾಯಿ ತೆರೆದವಳು ಅಕ್ಕನ ಮುಖ ನೋಡಿ ಕೋಟನ್ನು ಮಾರುವ ಬಟ್ಟೆಗಳ ಮೇಲೆ ಮೆಲ್ಲಗೆ ಇಟ್ಟಳು.

ಕೋಟನ್ನು ಲಾಂಡ್ರಿಯ ಕಾವಲುಗಾರನೇ ಕೊಂಡ. ಅವನೂ ಎತ್ತರದವನು, ಹೇಳಿ ಹೊಲಿಸಿದ ಹಾಗಿತ್ತು. "ಎಷ್ಟೋ ದಿನದಿಂದ ಕಣ್ಣಿಟ್ಟಿದ್ದೆ ಕಣಮ್ಮ," ಎಂದು ಅವಳ ಹತ್ತಿರವೇ ಹೇಳಿ ಹಿಗ್ಗಿದ.

ಸೋಮವಾರ ಸಂಜೆ ಚಳಿಗಾಳಿ ಬೀಸುತ್ತಿತ್ತು. ಕೆಲಸ ಮುಗಿಸಿ ಹೊರಟ ಇಸ್ತ್ರಿಯಕ್ಕ ಅಂಗಳದ ನಡುವೆ ಗಕ್ಕನೆ ನಿಂತಳು. ಗೇಟಿನ ಕಟ್ಟೆಗೆ ಮೊಣಕೈ ಊರಿ, ಬೂದು ಕೋಟು ತೊಟ್ಟು, ಬೆನ್ನು ಹಾಕಿ ಒಬ್ಬರು ನಿಂತಿದ್ದರು. ಕಾಲರ್ ಕತ್ತಿಗೆ ಸರಿಯಾಗಿ ಕೂತಿತ್ತು.

ಜೊತೆಗೆ ಬರುತ್ತಿದ್ದ ಗುಂಡಿ ಹುಡುಗಿ, "ಗೇಟು ತೆಗಿ ಅಣ್ಣ," ಎಂದು ಕೂಗಲು ಹೊರಟಳು. ಇಸ್ತ್ರಿಯಕ್ಕ ಅವಳ ಕೈ ಹಿಡಿದಳು.

"ತಾಳು," ಎಂದಳು. "ಒಂದು ಗಳಿಗೆ ತಾಳು."