ಬರೀ ಸೋಪು ಕಣ್ರೋ

೧

ಲೂಸಿಯನ್ ಪೆಲ್ಟಿಯೆಗೆ ಧ್ವನಿಪೆಟ್ಟಿಗೆ ಇರಲಿಲ್ಲ.

ಹೀಗೆ ಶುರು ಮಾಡಬಹುದೇ? ಮಾಡಿದರೆ ಮೊದಲ ಸಾಲಿಗೇ ನಿಮ್ಮ ಬಾಯಿಂದ 'ಅಯ್ಯೋ ಪಾಪ' ಬರುತ್ತದೆ. ಆ ಪಾಪ ಕಂಡರೆ ಅವನಿಗಾಗದು. ಅದಕ್ಕೇ ಇನ್ನೊಂದು ಆರಂಭ ಬರೆದೆ: 'ದೇಶಕ್ಕಾಗಿ ನಾಲ್ಕು ವರ್ಷ, ಊರಿಗಾಗಿ ಇಪ್ಪತ್ತೆಂಟು ವರ್ಷ ಬೆಂಕಿಯೊಡನೆ ಸೆಣಸಿದ ಧೀರ...' ಅದನ್ನು ಅವನ ಅಡುಗೆಮನೆಯ ಮೇಜಿನ ಮೇಲಿಟ್ಟೆ. ಓದಿದ. ಟಾರ್ಚಿನಂಥ ಯಂತ್ರವೊಂದನ್ನು ಎತ್ತಿ ಕತ್ತಿಗೆ ಒತ್ತಿಕೊಂಡ. ಅದರಿಂದ ಬರುವ ದನಿಗೆ ಏರಿಳಿತವಿಲ್ಲ. ಡಬ್ಬಿಯೊಳಗೆ ಸಿಕ್ಕಿಬಿದ್ದ ದುಂಬಿಯ ಹಾಗೆ ಒಂದೇ ಸಮನೆ ಗುಂಯ್ಗುಡುತ್ತದೆ. ಉಪ್ಪು ಕೇಳಿದರೂ ಹಾಗೇ, ಬೈದರೂ ಹಾಗೇ.

"ಇದು ಸತ್ತೋರಿಗೆ ಬರೆಯೋದು ಕಣಯ್ಯ. ನಾನಿನ್ನೂ ಕಾಫಿ ಕುಡೀತಿದೀನಿ."

ಧೀರನನ್ನು ಹೊಡೆದುಹಾಕಿದೆ. (ಪದವನ್ನು. ಮನುಷ್ಯನ ವಿಷಯದಲ್ಲಿ ಆ ಕೆಲಸವನ್ನು ಬೇರೆಯವರು ಯಾವತ್ತೋ ಶುರು ಮಾಡಿದ್ದರು.)

೨

ಸೈನ್ಯ ಅಂದಕೂಡಲೇ ನೀವು ಗುಂಡಿನ ಸದ್ದಿಗೆ ಕಿವಿಗೊಡುತ್ತೀರಿ. ಇಲ್ಲ. ಲೂಸಿಯನ್ ಒಂದು ಗುಂಡನ್ನೂ ಹಾರಿಸಲಿಲ್ಲ. ೧೯೭೧ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಥಾಯ್ಲೆಂಡಿನ ವಾಯುನೆಲೆಯೊಂದರಲ್ಲಿ ರನ್‌ವೇ ಪಕ್ಕ ನಿಲ್ಲುವುದೇ ಅವನ ಕೆಲಸ. ಬಾಂಬು ಹಾಕಲು ಹೋದ ವಿಮಾನ ರೆಕ್ಕೆ ಹರಿದುಕೊಂಡು ಮರಳಿದರೆ, ಓಡಿಹೋಗಿ ನೊರೆ ಹಾಯಿಸಿ ಬೆಂಕಿ ಆರಿಸಬೇಕು, ಒಳಗಿದ್ದವರನ್ನು ಎಳೆದು ಹಾಕಬೇಕು.

ಆ ನೊರೆ ಆಗ ಹೊಸದು. ಮುಟ್ಟಲು ಹಿಂಜರಿದ ಹುಡುಗರಿಗೆ ಸಾರ್ಜೆಂಟ್ ಹೇಳಿದ: "ಯಾಕ್ರೋ ಹೆದರ್ತೀರಿ? ಬರೀ ಸೋಪು ಕಣ್ರೋ."

ಸೋಪು ಅಂದಮೇಲೆ ಇನ್ನೇನು? ಅದರಲ್ಲೇ ಟ್ರಕ್ ತೊಳೆದರು. ಸೆಕೆ ತಡೆಯಲಾರದೆ ಒಬ್ಬರ ಮೇಲೊಬ್ಬರು ಎರಚಿಕೊಂಡರು. ಹುಟ್ಟುಹಬ್ಬದವನನ್ನು ಕತ್ತಿನವರೆಗೂ ನೊರೆಯಲ್ಲಿ ಹುಗಿದು ಹಾಡು ಹೇಳಿದರು. ತವರು ರಾಜ್ಯ ಮೇನ್‌ನ ಹಿಮದಲ್ಲಿ ಬೆಳೆದ ಹುಡುಗನಿಗೆ ಆ ಸುಡು ಬಿಸಿಲಲ್ಲಿ ಸಿಕ್ಕ ಹಿಮ ಅದೊಂದೇ. ನೊರೆಯ ಗಡ್ಡ ಇಟ್ಟುಕೊಂಡು ನಗುವ ಅವನ ಫೋಟೋ ಈಗಲೂ ಇದೆ, ಮುಖವನ್ನು ಗೋಡೆಗೆ ಮಾಡಿ.

ಗಂಟಲು ಕೊಯ್ದ ಡಾಕ್ಟರು, ಕ್ಯಾನ್ಸರಿಗೆ ಆ ನೊರೆ ಕಾರಣವೋ ಆಮೇಲಿನ ಹೊಗೆಯೋ ಖಚಿತವಾಗಿ ಹೇಳಲಾಗದು ಎಂದರು. ಸಾರ್ಜೆಂಟ್ ಖಚಿತವಾಗಿಯೇ ಹೇಳಿದ್ದ.

೩

ಊರಿಗೆ ಬಂದು ಅಗ್ನಿಶಾಮಕ ಠಾಣೆ ಸೇರಿದ. ನದಿ, ಕಾಗದದ ಮಿಲ್ಲು, ಒತ್ತೊತ್ತಾಗಿ ನಿಂತ ಮರದ ಮನೆಗಳು, ಬೆಂಕಿಗೆ ಬರವಿರಲಿಲ್ಲ. ಇಲ್ಲಿ ಕಥೆ ಉಲ್ಟಾ. ಇಲ್ಲಿ ನಿಜವಾದ ಸೋಪು ಅಂದರೆ ಅವಮಾನ. ಕೋಟು ಎಷ್ಟು ಕಪ್ಪೋ ಮೀಸೆ ಅಷ್ಟು ಮೇಲೆ. ಆ ಕಪ್ಪಿನಲ್ಲಿ ಕ್ಯಾನ್ಸರಿನ ವಿಷ ಕೂತಿರುತ್ತದೆಂದು ಆಗ ಯಾರೂ ಹೇಳಿರಲಿಲ್ಲ. ಕೋಟು ಒಗೆದವನಿಗೆ 'ಮದುವಣಿಗ' ಎಂದು ಹೆಸರಿಟ್ಟದ್ದು ಲೂಸಿಯನ್ನೇ.

ಬುಶಾರ್ ಅವನ ಪಾಳಿಯವನು. ಒಂದು ಬೆಳಿಗ್ಗೆ ಹೆಂಡತಿ ಒಗೆದುಕೊಟ್ಟ ಕೋಟು ತೊಟ್ಟು, ಹೂವಿನ ವಾಸನೆ ಹೊಡೆಯುತ್ತಾ ಬಂದ.

"ಏನೋ ಮದುವಣಿಗ, ಬೆಂಕಿ ನೋಡೋಕೆ ಹೊರಟ್ಯೋ, ಹೆಣ್ಣು ನೋಡೋಕೋ?"

ಠಾಣೆಗೆ ಠಾಣೆಯೇ ನಕ್ಕಿತು. ಬುಶಾರ್ ಮತ್ತೆಂದೂ ಕೋಟು ಒಗೆಸಲಿಲ್ಲ. ಮೂತ್ರಪಿಂಡದ ಕ್ಯಾನ್ಸರಿನಲ್ಲಿ ಹೋದ.

(ಇಲ್ಲೊಂದು ಪಶ್ಚಾತ್ತಾಪದ ಪ್ಯಾರಾ ಇತ್ತು. ಚೆನ್ನಾಗಿಯೇ ಇತ್ತು. ಲೂಸಿಯನ್ ಆ ಹಾಳೆಯನ್ನು ಹರಿದ. "ಅಳಿಸಬೇಡ ನನ್ನ. ನಂಗೆ ಬಂದಿರೋದು ಸಿಟ್ಟು. ಸೋಪಲ್ದೇ ಇರೋದನ್ನ ಸೋಪು ಅಂದ್ರು. ಸೋಪು ಬೇಕಾದಲ್ಲಿ ನಾವೇ ಬೇಡ ಅಂದ್ವಿ. ಇಷ್ಟು ಬರಿ ಸಾಕು." ಬರೆದಿದ್ದೇನೆ. ಪ್ಯಾರಾ ಹೋದದ್ದಕ್ಕೆ ನನಗಿನ್ನೂ ಹೊಟ್ಟೆಯುರಿ ಇದೆ.)

೪

ಇಷ್ಟೇ ಆಗಿದ್ದರೆ ಇದು ಹಳೇ ಕಥೆ, ಓದದೆ ಪುಟ ತಿರುಗಿಸಬಹುದು. ಆದರೆ ಅವನಿಗೊಬ್ಬಳು ಮಗಳಿದ್ದಾಳೆ. ಜೋಸೆಟ್. ಅದೇ ಠಾಣೆಯಲ್ಲಿ ಎರಡು ವರ್ಷದಿಂದ ಇರುವ ಒಬ್ಬಳೇ ಹೆಂಗಸು. ಅವಳ ಕಾರಿನ ಮುಂದಿನ ಸೀಟಿನಲ್ಲಿ ಮಸಿ ಹಿಡಿದ ಅವಳ ಕೋಟು, ಜೊತೆಗೆ ಬಂದ ನೆಂಟನಂತೆ ಸದಾ ಕೂತಿರುತ್ತದೆ.

"ಕೋಟು ಒಗೆದ್ಯೇನೇ?"

"ಪಾ, ಮತ್ತೆ ಶುರು ಮಾಡ್ಬೇಡ."

"ಠಾಣೇಲಿ ಮೆಷಿನ್ ತಂದಿಟ್ಟಿದಾರಲ್ಲ?"

"ಇಟ್ಟಿದಾರೆ. ಅದ್ರಲ್ಲಿ ಟ್ರಕ್ ಒರೆಸೋ ಬಟ್ಟೆ ಒಗೀತಾರೆ. ಗಂಡಸ್ರು ಕೋಟು ಒಗೀದಿದ್ರೆ ಶೂರರು. ನಾನು ಒಗೆದ್ರೆ ಮದುವಣಗಿತ್ತಿ. ಆ ಹೆಸ್ರು ಯಾರಿಟ್ಟಿದ್ದು ಅಂತ ಹೇಳ್ಲಾ?"

"ನನ್ನ ಕತ್ತು ನೋಡೇ."

"ನೋಡ್ತಾನೇ ಇದೀನಲ್ಲ! ಕನ್ನಡಿ ಮುಂದೆ ನಿಂತು ದಿನಾ ನನ್ನ ಕತ್ತೂ ಒತ್ತಿ ನೋಡ್ಕೋತೀನಿ, ಗಂಟು ಇದ್ಯಾ ಅಂತ. ಆದ್ರೆ ಉರಿಯೋ ಮನೆ ಒಳಗೆ ನನ್ನ ಹಿಂದೆ ಪೈಪು ಹಿಡ್ಕೊಂಡು ಬರೋನು ನನ್ನ ನಂಬ್ಬೇಕು ಪಾ. ಅವನು ನಂಬೋದು ನನ್ನನ್ನಲ್ಲ, ಈ ಮಸೀನ."

ಲೂಸಿಯನ್ ಯಂತ್ರವನ್ನು ಮೇಜಿನ ಮೇಲಿಟ್ಟ. ಅದು ಮೇಜಿನ ಮೇಲಿದ್ದರೆ ಅವನು ಸುಮ್ಮನಿದ್ದಾನೆ ಎಂದರ್ಥ. ಹಲ್ಲು ಕಡಿಯಲು ಯಂತ್ರ ಬೇಕಿಲ್ಲ.

೫

ಶನಿವಾರ ಠಾಣೆಯಲ್ಲಿ ಬೀನ್ಸ್ ಊಟ. ಬೆಲ್ಲದ ಪಾಕದಲ್ಲಿ ಬೆಂದ ಬೀನ್ಸು, ಹಂದಿಮಾಂಸದ ಕಡುಬು, ಉದ್ದ ಮೇಜುಗಳು. ಲೂಸಿಯನ್ ನಿವೃತ್ತನಾದಂದಿನಿಂದ ಗೋಡೆಯಲ್ಲಿ ತೂಗುತ್ತಿದ್ದ ಅವನ ಹೆಲ್ಮೆಟ್ಟನ್ನು ಕ್ಯಾಪ್ಟನ್ ಗಾನ್ಯೋ ಕೆಳಗಿಳಿಸಿದ. ಅದರ ಮೂಲ ಬಣ್ಣ ಯಾವುದೆಂದು ಯಾರಿಗೂ ನೆನಪಿರಲಿಲ್ಲ.

"ಇದು ಮಸಿಯಲ್ಲ," ಎಂದ ಗಾನ್ಯೋ, "ಈ ಊರಿನ ಚರಿತ್ರೆ. ಇವತ್ತಿಂದ ಇದು ಜೋಸೆಟ್‌ದು."

ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಜೋಸೆಟ್ ಅಳದಿರಲು ತುಟಿ ಕಚ್ಚಿ ಹಿಡಿದಿದ್ದಳು. ಎರಡು ವರ್ಷದಿಂದ ಅವಳು ಕಾಯುತ್ತಿದ್ದದ್ದು ಈ ಚಪ್ಪಾಳೆಗೇ. (ಇದನ್ನು ಮರೆಯಬೇಡಿ. ಮುಂದೆ ನೀವು ಅಪ್ಪನ ಪರ ನಿಲ್ಲುವಾಗ ಇದು ಕಾಲಿಗೆ ತೊಡರಬೇಕು.)

ಲೂಸಿಯನ್ ಎದ್ದ. "ಕೊಡಿಲ್ಲಿ."

ತನ್ನ ಕೈಯಾರೆ ಮಗಳ ತಲೆಗಿಡುತ್ತಾನೆ ಎಂದುಕೊಂಡು ಕೊಟ್ಟರು. ಅವನು ನೇರ ಸಿಂಕಿಗೆ ನಡೆದ. ಬೀನ್ಸಿನ ಪಾತ್ರೆಗಳನ್ನು ಪಕ್ಕಕ್ಕೆ ತಳ್ಳಿ, ನೀರು ಬಿಟ್ಟು, ಪಾತ್ರೆ ತೊಳೆಯುವ ಸೋಪು ಸುರಿದು, ತಂತಿಯ ಬ್ರಷ್ಷಿನಿಂದ ಗಸಗಸ ತಿಕ್ಕತೊಡಗಿದ.

"ಲೂ! ತಲೆ ಕೆಟ್ಟಿದ್ಯಾ ನಿಂಗೆ? ಏನ್ ಮಾಡ್ತಿದೀಯ ಮಾರಾಯ?" ಗಾನ್ಯೋ ಕಿರುಚಿದ.

ಉತ್ತರಿಸಲು ಒಂದು ಕೈ ಬೇಕು, ಎರಡೂ ಸಿಂಕಿನಲ್ಲಿದ್ದವು. ಕಪ್ಪು ನೀರು ಅಂಚು ಮೀರಿ ನೆಲಕ್ಕಿಳಿಯಿತು. ಹಿಂದಿನ ಮೇಜಿನಿಂದ ಯಾರೋ, ಕೆಟ್ಟತನದಿಂದಲ್ಲ, ಬರೀ ಅಭ್ಯಾಸಬಲದಿಂದ, ಕೂಗಿದರು: "ಏಯ್, ಮದುವಣಿಗ!"

ನಕ್ಕರು ಕೂಡ.

ಆಗ ಅವನು ನೊರೆ ಸುರಿಯುವ ಕೈಯಿಂದ ಯಂತ್ರ ತೆಗೆದು ಕತ್ತಿಗೆ ಒತ್ತಿಕೊಂಡ. ಬೈಗುಳ ತುಂಬಿದ್ದ ಗಂಟಲಿಂದ ಅದೇ ಏರಿಳಿತವಿಲ್ಲದ ಗುಂಯ್:

"ಯಾಕ್ರೋ ಹೆದರ್ತೀರಿ? ಬರೀ ಸೋಪು ಕಣ್ರೋ."

೬

ಮುಕ್ತಾಯ ಅ: ಜೋಸೆಟ್ ತೋಳು ಮಡಚಿ ಅಪ್ಪನ ಪಕ್ಕ ನಿಂತು ತಾನೂ ತಿಕ್ಕುತ್ತಾಳೆ.

"ಅವಳು ಹಾಗ್ ಮಾಡ್ಲಿಲ್ಲ," ಎಂದ ಲೂಸಿಯನ್.

"ಕಥೇಲಿ ಮಾಡಬಹುದಲ್ಲ?"

"ಮಾಡಿದ್ರೆ ಓದಿದೋರು ನೆಮ್ಮದಿಯಾಗಿ ಮಲಗ್ತಾರೆ. ಯಾಕ್ ಮಲಗ್ಬೇಕು?"

ಮುಕ್ತಾಯ ಆ: ಲೂಸಿಯನ್ ಸಾಯುತ್ತಾನೆ. ಪದ್ಧತಿಯಂತೆ ಠಾಣೆಯ ಗಂಟೆ ಬಾರಿಸಿ, ರೇಡಿಯೋದಲ್ಲಿ ಅವನ ನಂಬರು ಕೂಗುತ್ತಾರೆ. ಉತ್ತರ ಬರುವುದಿಲ್ಲ. ಧ್ವನಿಪೆಟ್ಟಿಗೆ ಇಲ್ಲದವನ ಮೌನ! ಬರೆದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

"ನಾನ್ ಸತ್ರೆ ಗಾನ್ಯೋ ಇನ್ನೊಂದ್ ಭಾಷಣ ಬಿಗೀತಾನೆ. ನಿಂಗ್ ಬೇಕಾ ಅದು?"

ನನಗೂ ಬೇಡ.

ಆದದ್ದು ಇಷ್ಟು. ಜೋಸೆಟ್ ಹೆಲ್ಮೆಟ್ಟನ್ನು ಅವನ ಕೈಯಿಂದ ಕಿತ್ತುಕೊಂಡಳು. ಅರ್ಧ ಕಪ್ಪು, ಅರ್ಧ ಕೆಂಪು. "ಇದು ನಂದಾಗಿತ್ತು," ಎಂದಳು. ಕಾರು ಹತ್ತಿ ಹೋದಳು. ಮುಂದಿನ ಸೀಟಿನಲ್ಲಿ ಕೋಟು ಕೂತೇ ಇತ್ತು. ಅಪ್ಪನ ಮನೆಗೆ ಮತ್ತೆ ಬಂದಿಲ್ಲ.

ಅವಳು ಕೋಟು ಒಗೆದಳೇ? ಠಾಣೆಗೆ ಹೋಗಿ ಅವಳ ಕಾರಿನ ಕಿಟಕಿಯಲ್ಲಿ ಇಣುಕಬಹುದು. ಸೀಟು ಖಾಲಿಯಿದ್ದರೆ? ಒಗೆಯಲು ಹಾಕಿದ್ದಾಳೋ, ತೊಟ್ಟುಕೊಂಡು ಬೆಂಕಿಗೆ ಹೋಗಿದ್ದಾಳೋ, ಕಿಟಕಿ ಹೇಳುವುದಿಲ್ಲ. ನಾನೂ ಹೇಳುವುದಿಲ್ಲ.

"ಮುಗಿಸ್ಬೇಡ," ಎಂದ ಲೂಸಿಯನ್. "ಹೋಗಿದ್ದೆಷ್ಟು ಅಂತ ಮಾತ್ರ ಬರಿ."

ಅವನ ಪಾಳಿಯ ಒಂಬತ್ತು ಜನರಲ್ಲಿ ಐವರು, ಬುಶಾರ್ ಸೇರಿ. ಒಂದು ಧ್ವನಿಪೆಟ್ಟಿಗೆ. ಅರ್ಧ ಹೆಲ್ಮೆಟ್ಟಿನ ಮಸಿ. ಇವತ್ತಿಗೆ ಆರು ಶನಿವಾರದಿಂದ, ಮಗಳ ಮಾತು.